ಕೆಡದ ಹೆಡ್‌ಫೋನ್

ದುಬಾರಿ ಹೆಡ್‌ಫೋನ್ ಬಾಳಿಕೆ ಬರುತ್ತಾ, ಅಗ್ಗದ್ದು ಬರುತ್ತಾ ಅಂತ ನಮ್ಮಕ್ಕನಿಗೂ ನನಗೂ ಬಹಳ ಕಾಲ ವಾದ ನಡೆದಿದೆ. ಅವಳದ್ದು ಒಂದೇ ಮಾತು: "ಅಗ್ಗ ಅಂತ ಮುಗ್ಗಿದ ಜೋಳ ತರ್ತೀಯ, ಆಮೇಲೆ ಹುಳ ಬಂತು ಅಂತ ಅಳ್ತೀಯ." ನಾನು ಬಟ್ಟೆ ಸರಿಮಾಡೋ ಅಂಗಡೀಲಿ ಹೊಲಿಗೆ ಕೆಲಸ ಮಾಡೋಳು. ಪ್ಯಾಂಟಿನ ಉದ್ದ ಕಮ್ಮಿ ಮಾಡೋದು, ಸೊಂಟ ಬಿಡಿಸೋದು, ಹಾಳಾದ ಜಿಪ್ ಕಿತ್ತು ಹೊಸದು ಹಾಕೋದು. ಅಗ್ಗದ ಜಿಪ್ ಹಾಕಿದ್ರೆ ಗಿರಾಕಿ ಮತ್ತೆ ಬರ್ತಾನೆ, ಒಳ್ಳೇದು ಹಾಕಿದ್ರೆ ಈ ಕಡೆ ತಲೆ ಹಾಕಿಯೂ ಮಲಗಲ್ಲ ಅಂತ ನಮ್ಮ ಅಂಗಡಿ ಯಜಮಾನಿ ಹೇಳ್ತಿರ್ತಾರೆ. ಆ ಮಾತು ನನ್ನ ತಲೆಗೆ ಆಗಲೇ ಹೋಗಿದ್ರೆ ಚೆನ್ನಾಗಿತ್ತು.

ಮನೇಲಿ ಇರೋದು ಇಬ್ಬರೇ, ನಾನು ಮತ್ತೆ ಇವರು. ಎರಡು ಕೋಣೆ, ಒಂದು ಅಡುಗೆಮನೆ, ಬೀದಿ ಕಡೆ ಒಂದು ಕಿಟಕಿ. ಇವರಿಗೆ ನೀರು ಸರಬರಾಜು ಆಫೀಸಿನಲ್ಲಿ ದೂರು ಕೇಳೋ ಕೆಲಸ. ಬೆಳಗಿಂದ ಸಂಜೆವರೆಗೂ ಫೋನಿನಲ್ಲಿ "ನಮಸ್ಕಾರ, ಹೇಳಿ" ಅನ್ನೋದು. ನಲ್ಲೀಲಿ ನೀರು ಬರ್ತಿಲ್ಲ, ಬಂದ್ರೂ ಕೆಸರು, ಕೆಸರಿಲ್ಲದಿದ್ರೆ ಬರೀ ಗಾಳಿ. ಊರವರ ಬೈಗುಳ ಎಲ್ಲ ಇವರ ಕಿವಿಗೇ ಬೀಳೋದು. ಮನೆಗೆ ಬಂದೋರೇ ಕೈಕಾಲು ತೊಳೆದು, ಕಿಟಕಿ ಪಕ್ಕದ ಕುರ್ಚೀಲಿ ಕೂತು ಹೆಡ್‌ಫೋನ್ ಹಾಕ್ಕೊಂಡ್ರೆ ಮುಗೀತು. ಏನು ಕೇಳ್ತಾರೆ ಗೊತ್ತಾ? ಮಳೆ ಸದ್ದು. ಗಂಟೆಗಟ್ಟಲೆ ಮಳೆ ಸುರಿಯೋ ಸದ್ದು ಮೊಬೈಲಿನಲ್ಲಿ ಸಿಗುತ್ತಂತೆ. ಊರಿಗೆ ಕುಡಿಯೋಕೆ ನೀರಿಲ್ಲ, ಇವರ ಕಿವೀಲಿ ಜಡಿಮಳೆ.

ಮೊದಲೆಲ್ಲ ಫುಟ್‌ಪಾತಿನಲ್ಲಿ ಮಾರೋ ಅಗ್ಗದ್ದನ್ನೇ ತರ್ತಿದ್ರು. ಅದು ಕೆಡೋದಕ್ಕೂ ಒಂದು ಕ್ರಮ ಇತ್ತು. ಮೊದಲು ಪಿನ್ ಹತ್ತಿರ ವೈರ್ ಸಡಿಲ ಆಗೋದು. ಇವರು ಅದನ್ನ ತಿರುಚಿ, ಬೆರಳಲ್ಲಿ ಒತ್ತಿ ಹಿಡಿದು, ಟೇಪ್ ಸುತ್ತಿ ಹೇಗೋ ಒಂದಷ್ಟು ದಿನ ತಳ್ಳೋರು. ಆಮೇಲೆ ಒಂದು ಕಿವಿ ಹೋಗೋದು. ಅಲ್ಲಿಗೆ ನನಗೆ ಅರ್ಧ ಗಂಡ ವಾಪಸ್ ಸಿಕ್ಕ ಲೆಕ್ಕ. ಆ ಕಿವಿ ಕಡೆ ನಿಂತು ಮಾತಾಡಿದ್ರೆ "ಹ್ಞೂಂ" ಅನ್ನೋರು. ಕೊನೆಗೆ ಎರಡೂ ಹೋಗೋದು. ಹೊಸದು ತರೋಕೆ ಇವರಿಗೆ ಸೋಮಾರಿತನ, ಎರಡು ಮೂರು ದಿನ ಹಾಗೇ ಕಳೆಯೋದು.

ಆ ಎರಡು ಮೂರು ದಿನ ಮನೇಲಿ ಮನುಷ್ಯರು ಇರೋ ಹಾಗೆ ಇರ್ತಿತ್ತು. ಅಡುಗೆಮನೆ ಬಾಗಿಲಿಗೆ ಬಂದು ನಿಲ್ಲೋರು. "ಏನೇ, ಆ ಈರುಳ್ಳಿ ಈ ಕಡೆ ಕೊಡು" ಅಂತ ಚಾಕು ಕಿತ್ಕೊಂಡು ದಪ್ಪ ದಪ್ಪಗೆ ಹೆಚ್ಚೋರು. ಆಫೀಸಿಗೆ ಯಾರ್ಯಾರು ಫೋನ್ ಮಾಡಿದ್ರು ಅಂತ ದನಿ ಮಾಡಿ ತೋರಿಸೋರು. ಒಬ್ಬ ಮುದುಕಪ್ಪ ದಿನಾ ಫೋನ್ ಮಾಡಿ, ಪಕ್ಕದ ಮನೆ ಟ್ಯಾಂಕ್ ತುಂಬಿ ಹರೀತಿದೆ, ಅವರಿಗೆ ದಂಡ ಹಾಕಿ ಅಂತಾನಂತೆ. ವಿಚಾರಿಸಿದ್ರೆ ಪಕ್ಕದ ಮನೆಯೋಳು ಅವನ ಸ್ವಂತ ಮಗಳಂತೆ. ನಾನು ನಕ್ಕು ನಕ್ಕು ಹಾಲು ಉಕ್ಕಿಸಿಬಿಡ್ತಿದ್ದೆ. ಆಮೇಲೆ ಹೊಸದು ಬರೋದು, ಇವರು ಕುರ್ಚಿಗೆ ಹೋಗೋರು, ನಾನು ಮುಂದಿನ ಸಲ ಯಾವಾಗ ಕೆಡುತ್ತೋ ಅಂತ ಕಾಯೋಕೆ ಶುರು ಮಾಡ್ತಿದ್ದೆ. ಕಾಯ್ತಿದ್ದೀನಿ ಅಂತ ಆಗ ನನಗೇ ಗೊತ್ತಿರ್ಲಿಲ್ಲ.

ಗೊತ್ತಿದ್ದಿದ್ರೆ ಆ ತಪ್ಪು ಮಾಡ್ತಿರ್ಲಿಲ್ಲ. ಅಗ್ಗದ್ದು ಹಾಕಿ ಹಾಕಿ ಇವರ ಕಿವಿ ಹಿಂದೆ ಕೆಂಪು ಗೆರೆ ಬಿದ್ದಿತ್ತು. ಪ್ರತಿ ಸಲ ಕೆಟ್ಟಾಗ ಮೊದಲನೇ ಸಂಜೆ ಒಂಥರಾ ಸಿಡಿಮಿಡಿ ಇರೋದು. ಅಕ್ಕ ಬೇರೆ, "ಒಂದ್ಸಲ ಒಳ್ಳೇದು ತೆಗೆದುಕೊಡೇ, ಪಾಪ, ನಿನ್ನ ಮೇಲೂ ಪ್ರೀತಿ ಬರುತ್ತೆ" ಅಂದಳು. ಆ ಕೊನೇ ಮಾತಿಗೆ ನಾನು ಮರುಳಾದೆ. ಬಸ್ ಸ್ಟ್ಯಾಂಡ್ ಹಿಂದಿನ ದೊಡ್ಡ ಅಂಗಡಿಗೆ ಹೋಗಿ, ವೈರೇ ಇಲ್ಲದ, ಮೆತ್ತನೆ ಗಾದಿ ಇರೋ ದುಬಾರಿದು ತಂದೆ. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿ ಹಾಕ್ಕೊಂಡೆ.

ಆ ಸಂಜೆ ಮಾತ್ರ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಇವರು ಡಬ್ಬಿ ತೆಗೆದು ಮಗು ಹಾಗೆ ಖುಷಿಪಟ್ರು. "ಇಷ್ಟೊಂದು ದುಡ್ಡು ಯಾಕೆ ಹಾಕಿದೆಯೇ" ಅಂತ ಬೈದು, ಮತ್ತೆ ಮತ್ತೆ ತಿರುಗಿಸಿ ನೋಡಿದ್ರು. "ಮೊದಲು ನೀನು ಹಾಕ್ಕೋ" ಅಂತ ಅವರೇ ನನ್ನ ತಲೆಗೆ ಇಟ್ಟು ಗುಂಡಿ ಒತ್ತಿದ್ರು. ಮನೆ ಮಾಯವಾಯ್ತು. ಬೀದಿ ಹಾರ್ನಿಲ್ಲ, ಮೇಲಿನ ಮನೆಯವರ ಜಗಳ ಇಲ್ಲ, ಕುಕ್ಕರ್ ಕೂಗಿಲ್ಲ. ಇವರ ಬಾಯಿ ಆಡ್ತಿದೆ, ಮಾತಿಲ್ಲ. ಆಮೇಲೆ ಮೆಲ್ಲಗೆ ಮಳೆ ಶುರುವಾಯ್ತು. ಅಲ್ಲಿ ಅಷ್ಟು ಚೆನ್ನಾಗಿತ್ತು, ಅಲ್ಲಿಂದ ಯಾರು ಎದ್ದು ಈರುಳ್ಳಿ ಹೆಚ್ಚೋಕೆ ಬರ್ತಾರೆ?

ಬರಲಿಲ್ಲ. ಸಡಿಲ ಆಗೋಕೆ ವೈರಿಲ್ಲ, ಒಂದು ಕಿವಿ ಹೋಗೋ ಮಾತೇ ಇಲ್ಲ. ಊಟಕ್ಕೆ ಕರೆದ್ರೆ ಕೇಳಲ್ಲ, ಹೆಗಲು ತಟ್ಟಬೇಕು. ತಟ್ಟಿದ್ರೆ ಒಂದು ಕಿವಿಯಿಂದ ಎತ್ತಿ "ಏನು?" ಅನ್ನೋರು. ನಾನು "ಊಟ" ಅನ್ನೋದು. ದಿನಕ್ಕೆ ನಮ್ಮ ಮಾತುಕತೆ ಅಷ್ಟು.

ನನಗೋ ಬಾಯಿ ಸುಮ್ಮನಿರಲ್ಲ. ಇವರ ಬೆನ್ನಿಗೇ ಮಾತಾಡೋಕೆ ಶುರು ಮಾಡಿದೆ. ಪಕ್ಕದಲ್ಲಿ ಬಟ್ಟೆ ಮಡಚುತ್ತಾ, "ಏನ್ ದೊರೆಗಳೇ, ಎರಡು ಮಾತಾಡಿದ್ರೆ ಬಾಯಿಂದ ಮುತ್ತು ಉದುರಿಹೋಗುತ್ತಾ?" ಅಂತಿದ್ದೆ. ಬೆಪ್ಪುತಕ್ಕಡಿ ಅಂತಿದ್ದೆ. ಕೋಣನ ಮುಂದೆ ಕಿನ್ನರಿ ಬಾರಿಸ್ತಿದ್ದೀನಿ ನೋಡಿ ಅಂತ ಕಿಟಕಿಯ ಸರಳಿಗೆ ಹೇಳ್ತಿದ್ದೆ. ಕೇಳಿಸಲ್ಲ ಅನ್ನೋ ಧೈರ್ಯ. ಒಂದು ರೀತೀಲಿ ಮಜಾನೂ ಇತ್ತು, ಆಮೇಲೆ ಮಜಾ ಹೋಯ್ತು.

ಆಗ ಅದನ್ನ ಕೆಡಿಸೋಣ ಅಂತ ತೀರ್ಮಾನ ಮಾಡಿದೆ. ಗುಡಿಸುವಾಗ ಕೈ ಜಾರಿದ ಹಾಗೆ ಮೇಜಿನಿಂದ ಬೀಳಿಸಿದೆ, ಏನೂ ಆಗ್ಲಿಲ್ಲ. ಅದರ ಮೇಲೆ ಕೂತೆ. ನನ್ನ ಭಾರಕ್ಕೆ ಹಳೇ ಕುರ್ಚಿಯೇ ಮುರಿದಿದೆ, ಇದು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಅಂಗಡಿಯವನನ್ನೇ ಕೇಳಿದೆ.

"ಇದು ಯಾವಾಗ ಕೆಡುತ್ತೆ?"

ಅವನು ಎದೆ ಉಬ್ಬಿಸಿದ. "ಒಳ್ಳೇ ಮಾಲು ಮೇಡಂ. ಜೋಪಾನವಾಗಿ ಇಟ್ಕೊಂಡ್ರೆ ಕೆಡೋ ಪ್ರಶ್ನೇನೇ ಇಲ್ಲ."

"ಜೋಪಾನವಾಗಿ ಇಟ್ಕೊಳ್ಳದಿದ್ರೆ?"

"ನೀರೊಂದು ತಾಗಿಸಬೇಡಿ, ಸಾಕು."

ಅದೇ ಭಾನುವಾರ ಇವರು ಕ್ಷೌರಕ್ಕೆ ಹೋಗಿದ್ದಾಗ, ಹೆಡ್‌ಫೋನನ್ನ ಇವರ ಜಾಕೆಟ್ ಒಳಗೆ ಸುತ್ತಿ ಸೋಪಿನ ಬಕೆಟ್ಟಿಗೆ ಹಾಕಿದೆ. ಬಂದಮೇಲೆ, "ಅಯ್ಯೋ ರೀ, ಒಳಗಿರೋದು ನೋಡ್ಲೇ ಇಲ್ಲ" ಅಂತ ಹಣೆ ಚಚ್ಚಿಕೊಂಡೆ. ಇವರು ಅದನ್ನ ಒರೆಸಿ, ಕಿಟಕೀಲಿ ಒಣಗಿಸಿಟ್ರು. ನಾನು ಮಾರನೇ ದಿನಕ್ಕೆ ಅಂತ ಈರುಳ್ಳಿ ಜಾಸ್ತಿನೇ ತಂದಿಟ್ಟೆ. ಸೋಮವಾರ ಸಂಜೆ ಇವರು ಬಂದ್ರು, ಕೈಕಾಲು ತೊಳೆದ್ರು, ಕುರ್ಚೀಲಿ ಕೂತು ಅದನ್ನ ಹಾಕ್ಕೊಂಡ್ರು. ಕಣ್ಣು ಮುಚ್ಚಿ ಹಿಂದಕ್ಕೆ ಒರಗಿದ್ರು.

ನಾನು ಅಡುಗೆಮನೇಲಿ ಕೂತು ಅತ್ತೆ. ಅಕ್ಕ ಗೆದ್ದಳು ಅಂದ್ಕೊಂಡೆ. ದುಬಾರಿದು ಸೋಪಿನ ನೀರಲ್ಲಿ ನೆಂದ್ರೂ ಬಾಳಿಕೆ ಬರುತ್ತೆ.

ಆಮೇಲೆ ಬೆನ್ನಿಗೆ ಹೇಳೋ ಮಾತು ಬೇರೆ ಥರ ಆಯ್ತು. "ನಾನೇ ನೆನೆಸಿದ್ದು ರೀ, ಬೇಕಂತಲೇ" ಅಂದೆ. "ನೀವು ಮಾತಾಡಲಿ ಅಂತ." ಇನ್ನೊಂದು ಸಂಜೆ, "ಅಕ್ಕನ ಮನೆಗೆ ಹೋಗಿ ಇದ್ದುಬಿಡ್ಲಾ? ಹೋದ್ರೆ ನಿಮಗೆ ಗೊತ್ತಾಗುತ್ತಾ?" ಅಂದೆ. ನನ್ನ ಬಲಗಣ್ಣಿಗೆ ಮಂಜು ಕವಿದ ಹಾಗಾಗಿ, ಸೂಜಿಗೆ ದಾರ ಪೋಣಿಸೋಕೆ ಪಕ್ಕದ ಮಿಷನ್ನಿನೋಳನ್ನ ಕರೆಯೋ ಹಾಗಾದಾಗ ಕಣ್ಣಿನ ಡಾಕ್ಟರ ಹತ್ತಿರ ಒಬ್ಬಳೇ ಹೋಗಿದ್ದೆ. ಇನ್ನೊಂದು ಪರೀಕ್ಷೆ ಮಾಡಬೇಕು, ಜೊತೆಗೆ ಯಾರನ್ನಾದ್ರೂ ಕರ್ಕೊಂಡು ಬನ್ನಿ ಅಂದಿದ್ರು. ಆ ಸಂಜೆ ಇವರ ಕುರ್ಚಿ ಹಿಂದೆ ನಿಂತು ಎಲ್ಲ ಹೇಳ್ದೆ. ಕಣ್ಣು ಹೋದ್ರೆ ನಾನು ಏನು ಕೆಲಸ ಮಾಡಲಿ, ನನಗೆ ಭಯ ಆಗ್ತಿದೆ, ಜೊತೆಗೆ ಬನ್ನಿ ಅಂದೆ. "ಒಂದ್ಸಲ ತಿರುಗಿ ನೋಡ್ರೀ, ಸಾಕು" ಅಂದೆ. ಹೆಗಲು ತಟ್ಟಿ ಹೇಳಬಹುದಿತ್ತು. ತಟ್ಟಿ ಹೇಳಿ, "ಹ್ಞೂಂ, ನೋಡೋಣ" ಅನ್ನಿಸಿಕೊಳ್ಳೋಕೆ ಧೈರ್ಯ ಸಾಲಲಿಲ್ಲ. ಇವರು ತಿರುಗಲಿಲ್ಲ. ಹೊಟ್ಟೆ ಸರಿಯಿಲ್ಲ ಅಂತ ಅವತ್ತು ಊಟಾನೂ ಮಾಡಲಿಲ್ಲ. ಪರೀಕ್ಷೆಗೆ ಅಂಗಡಿ ಯಜಮಾನಿ ಬಂದ್ರು. ಡಾಕ್ಟರು ಕಣ್ಣಿಗೆ ಬಿಡೋ ಹನಿ ಬರೆದುಕೊಟ್ರು, ಸದ್ಯಕ್ಕೆ ಪರವಾಗಿಲ್ಲ.

ಈ ನಡುವೆ ನನ್ನ ಫೋನಿನ ಚಾರ್ಜರ್ ವೈರ್ ಹಾಳಾಗಿತ್ತು. ಹೆಡ್‌ಫೋನಿನ ಡಬ್ಬೀಲಿ ಬಂದಿದ್ದ, ಅದಕ್ಕೆ ಚಾರ್ಜ್ ಮಾಡೋ ವೈರ್ ಸುಮ್ಮನೆ ಬಿದ್ದಿತ್ತು, ಅದನ್ನೇ ನಾನು ಇಟ್ಕೊಂಡೆ. ಇವರು ಕೇಳಲೂ ಇಲ್ಲ.

ಹೋದ ಗುರುವಾರ ನನಗೆ ರಜೆ. ಮೇಲಿನ ಮನೇಲಿ ಟೈಲ್ಸ್ ಒಡೀತಿದ್ರು, ತಲೆ ಸಿಡಿದು ಹೋಳಾಗೋ ಹಾಗಿತ್ತು. ಆಫೀಸಿನಲ್ಲಿ ಅಲ್ಲಿಯದೇ ಬೇರೆ ಹೆಡ್‌ಸೆಟ್ ಇರೋದ್ರಿಂದ ಇವರ ಹೆಡ್‌ಫೋನ್ ಮನೇಲೇ ಇರುತ್ತೆ. ನಾನೂ ಒಂದು ಘಳಿಗೆ ಆ ಸದ್ದಿಲ್ಲದ ಲೋಕಕ್ಕೆ ಹೋಗಿ ಬರೋಣ ಅನ್ನಿಸಿ ಕುರ್ಚೀಲಿ ಕೂತು ಹಾಕ್ಕೊಂಡೆ. ಗುಂಡಿ ಒತ್ತಿದೆ. ಟೈಲ್ಸ್ ಒಡೆಯೋದು ಕೇಳಿಸ್ತಾನೇ ಇತ್ತು. ಮತ್ತೆ ಒತ್ತಿದೆ. ಬೀದೀಲಿ ಹಳೇ ಪೇಪರಿನವನು ಕೂಗೋದು ಕೇಳಿಸ್ತು. ನಲ್ಲಿ ತೊಟ್ಟಿಕ್ಕೋದು ಕೇಳಿಸ್ತು. ಚಾರ್ಜ್ ಮುಗಿದಿರಬೇಕು ಅಂತ ವೈರ್ ಚುಚ್ಚಿ ಅಡುಗೆ ಮುಗಿಸಿ ಬಂದೆ. ಅದರ ಚಾರ್ಜ್ ದೀಪವೂ ಹತ್ತಿರಲಿಲ್ಲ.

ಚೀಲಕ್ಕೆ ಹಾಕ್ಕೊಂಡು ಅಂಗಡಿಗೆ ಓಡಿದೆ. ಅವನು ಗಾದಿ ಕಿತ್ತು, ಸ್ಕ್ರೂ ಬಿಚ್ಚಿ ನನ್ನ ಕಡೆ ತಿರುಗಿಸಿ ತೋರಿಸಿದ. ಒಳಗೆಲ್ಲ ಹಸಿರು ಪಾಚಿ ಥರ ಕಟ್ಟಿತ್ತು.

"ನೀರು ಹೋಗಿದೆ ಮೇಡಂ. ನಾನು ಹೇಳಿದ್ದೆ."

"ಯಾವಾಗ ಕೆಟ್ಟಿರಬಹುದು?"

"ನೀರು ಹೋದ ದಿನಾನೇ. ಈ ತುಕ್ಕು ನೋಡಿದ್ರೆ ತಿಂಗಳುಗಳೇ ಆಗಿರ್ಬೇಕು."

"ಇಲ್ಲಪ್ಪ, ನಿನ್ನೆ ಸಂಜೆ ಕೂಡ ಹಾಕ್ಕೊಂಡಿದ್ರು."

ಅವನು ನನ್ನನ್ನೇ ನೋಡಿದ. "ಹಾಕ್ಕೋಬಹುದು ಮೇಡಂ. ಏನೂ ಕೇಳಿಸಲ್ಲ ಅಷ್ಟೇ. ಹೊರಗಿನ ಸದ್ದು ಬಿಟ್ಟು."

ಹೊರಗಿನ ಸದ್ದು ಅಂದ್ರೆ ನಾನು. ಬೆಪ್ಪುತಕ್ಕಡಿ ಅಂದಿದ್ದು, ನಾನೇ ನೆನೆಸಿದ್ದು ಅಂದಿದ್ದು, ಅಕ್ಕನ ಮನೆಗೆ ಹೋಗ್ಲಾ ಅಂದಿದ್ದು, ಭಯ ಆಗ್ತಿದೆ ಅಂದಿದ್ದು. ಅವತ್ತು ಇವರಿಗೆ ಹೊಟ್ಟೆ ಸರಿಯಿರಲಿಲ್ಲ ಅಂತ ನಂಬಿದ್ದೆ. ಕೇಳಿಸಿ, ಸಂಕಟಪಟ್ಟು, ಊಟ ಬಿಟ್ಟು, ಆದ್ರೂ ತಿರುಗದೆ ಕೂತಿದ್ರು. ಕೇಳಿಸದೆ ಇದ್ದಿದ್ರೆ ಎಷ್ಟು ಚೆನ್ನಾಗಿತ್ತು. ಅಂಗಡಿಯವನ ಮುಂದೆ ಅಳು ಬಂತು, ಕಣ್ಣಿನ ಔಷಧಿ ಉರೀತಿದೆ ಅಂದೆ.

"ರಿಪೇರಿ ಆಗುತ್ತಾ?" ಅಂತ ಕೇಳ್ದೆ. ಯಾಕೆ ಕೇಳ್ದೆ ಅಂದ್ರೆ, ರಿಪೇರಿ ಆದ್ರೆ ಇವತ್ತಿನಿಂದಾದ್ರೂ ಇವರಿಗೆ ನಿಜವಾಗಿ ಕೇಳಿಸಲ್ಲ.

"ಇಲ್ಲ ಮೇಡಂ, ಬಿಸಾಕೋದೇ. ಹೊಸದು ತೋರಿಸ್ಲಾ?"

"ಬೇಡ. ಮೊದಲಿದ್ದ ಹಾಗೇ ಮುಚ್ಚಿಕೊಡಿ."

ಅವನು ಸ್ಕ್ರೂ ಹಾಕಿ, ಗಾದಿ ಕೂರಿಸಿ ಕೊಟ್ಟ. ಮನೆಗೆ ತಂದು ಕಿಟಕಿ ಪಕ್ಕದ ಮೇಜಿನ ಮೇಲೆ, ಎಡಗಿವಿ ಗೋಡೆ ಕಡೆ ಬರೋ ಹಾಗೆ, ಹೇಗಿತ್ತೋ ಹಾಗೇ ಇಟ್ಟೆ. ಸಂಜೆ ಇವರು ಬಂದು ಹಾಕ್ಕೊಂಡ್ರು. ಅಡುಗೆಮನೆ ಬಾಗಿಲಲ್ಲಿ ನಿಂತು ಮೆಲ್ಲಗೆ, "ರೀ, ಊಟಕ್ಕೆ ಬನ್ನಿ" ಅಂದೆ. ಇವರ ಕುತ್ತಿಗೆ ಒಂಚೂರು ಬಿಗಿಯಾಯ್ತು. ಅದು ಇಷ್ಟು ದಿನಾನೂ ಆಗ್ತಿತ್ತೇನೋ, ನಾನು ನೋಡಿರಲಿಲ್ಲ. ಎರಡನೇ ಸಲ ಕರೆಯದೆ ಹೋಗಿ ಹೆಗಲು ತಟ್ಟಿದೆ.

"ಏನು?" ಅಂದ್ರು, ಒಂದು ಕಿವಿ ಎತ್ತಿ.

"ಊಟ."

"ಓ, ಕೇಳಿಸಲೇ ಇಲ್ಲ ನೋಡು."

"ಗೊತ್ತು ರೀ" ಅಂದೆ.

ಊಟ ಆದಮೇಲೆ ಮತ್ತೆ ಹೋಗಿ ಕೂತ್ರು. ನಾನು ಬಟ್ಟೆ ಮಡಚ್ತಿದ್ದೆ. ಇನ್ನು ಆ ಬೆನ್ನಿಗೆ ಹೇಳೋಕೆ ಏನಿದೆ. ಅಷ್ಟರಲ್ಲಿ ಅಕ್ಕನ ಫೋನ್ ಬಂತು. ಅದೂ ಇದೂ ಮಾತಾಡಿ, ಕೊನೆಗೆ ಅವಳಿಗೆ ಹಳೇ ವಾದ ನೆನಪಾಯ್ತು.

"ಏನೇ, ಆ ಹೆಡ್‌ಫೋನ್ ಇನ್ನೂ ನಡೀತಿದೆಯಾ?"

ಇವರ ಬೆನ್ನು ನೋಡ್ತಾ, ಕುರ್ಚಿವರೆಗೂ ಕೇಳಿಸೋ ಹಾಗೆ ಹೇಳ್ದೆ, "ನಡೀತಿದೆ ಅಕ್ಕ. ಒಂಚೂರೂ ಕೆಟ್ಟಿಲ್ಲ. ಹಾಕ್ಕೊಂಡ್ರೆ ಇವರಿಗೆ ಲೋಕವೇ ಕೇಳಿಸಲ್ಲ."

"ನೋಡಿದ್ಯಾ, ನಾನು ಹೇಳಿರ್ಲಿಲ್ವಾ?" ಅಂದಳು ಅಕ್ಕ.

ಬಿಗಿದುಕೊಂಡಿದ್ದ ಇವರ ಹೆಗಲು ಮೆಲ್ಲಗೆ ಇಳೀತು. ಉಸಿರು ಬಿಟ್ಟು, ಕಣ್ಣು ಮುಚ್ಚಿ, ಹಿಂದಕ್ಕೆ ಒರಗಿಕೊಂಡ್ರು. ನಾನು ಇವರ ಜಾಕೆಟ್ ಮಡಚಿ ಬಟ್ಟೆಗಳ ಮೇಲಿಟ್ಟೆ.