ಎಡಗೈ ಹೆಬ್ಬೆರಳು

ಪರದೆಯ ಬಲಮೂಲೆಯಲ್ಲಿ ಹತ್ತೊಂಬತ್ತು ನಿಮಿಷ ನಲವತ್ತು ಸೆಕೆಂಡು, ಮೂವತ್ತೊಂಬತ್ತು, ಮೂವತ್ತೆಂಟು, ಪ್ರಶ್ನೆಯಲ್ಲಿ ಎಂಟು ಜನ ದುಂಡು ಮೇಜಿನ ಸುತ್ತ ಕುಳಿತಿದ್ದಾರೆ, ಎಲ್ಲರ ಮುಖವೂ ನಡುವಿಗೆ, ಕುಮಾರನ ಎಡಕ್ಕೆ ಮೂರನೆಯವಳು ಲತಾ, ಇಂಥವರನ್ನು ಸಪ್ತಾಪುರದ ಲೈಬ್ರರಿಯಲ್ಲಿ ಕುಳಿತು ಎಷ್ಟು ಸಾವಿರ ಸಲ ಎಬ್ಬಿಸಿ ಕೂರಿಸಿದ್ದೇನೋ, ರೀಸನಿಂಗ್ ಅಂದರೆ ಅನ್ನಪೂರ್ಣಾ ಕಣ್ಣು ಮುಚ್ಚಿ ಬಿಡಿಸುತ್ತಾಳೆ ಎಂದು ಹೆಸರು, ಇಂಗ್ಲಿಷೂ ಗಣಿತವೂ ಹೇಗೋ ದಾಟಿದವು, ಇದೊಂದು ಇಪ್ಪತ್ತು ನಿಮಿಷ ಸರಿಹೋದರೆ ಸಾಕು, ಎಡಕ್ಕೆ ಮೂರನೆಯವಳು — ಫ್ಲೆಕ್ಸಿನಲ್ಲೂ ಅವಳು ಎಡದಿಂದ ಮೂರನೆಯವಳೇ, ಕಸ್ತೂರಿ, ಬೆಳಿಗ್ಗೆ ಈ ಬ್ಯಾಂಕ್ ಆಫೀಸರ್ ಪರೀಕ್ಷೆಗೆಂದು ಹುಬ್ಬಳ್ಳಿಗೆ ಹೊರಟಾಗ ಜುಬಿಲಿ ಸರ್ಕಲ್ಲಿನಲ್ಲಿ ಚಿಗರಿ ಬಸ್ಸು ನಿಂತಿತ್ತು, ಕಿಟಕಿಯಾಚೆ ಕೋಚಿಂಗಿನವರ ಹೊಸ ಫ್ಲೆಕ್ಸು, ನಮ್ಮ ಹೆಮ್ಮೆಯ ಬ್ಯಾಂಕ್ ಅಧಿಕಾರಿಗಳು, ಹನ್ನೆರಡು ಮುಖಗಳ ನಡುವೆ ನನ್ನ ರೂಮಿನವಳ ಮುಖ, ಎರಡು ವರ್ಷ ನನ್ನ ತಾಟಿನ ರೊಟ್ಟಿ ಮುರಿದು ತಿಂದವಳು, ಹೋದ ವರ್ಷ ಇದೇ ಮೊದಲ ಸುತ್ತಿನಲ್ಲಿ ನಾನೂ ಫೇಲಾದೆ ಅಕ್ಕಾ ಎಂದು ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತವಳು. ಮೊದಲ ಸುತ್ತಿನಲ್ಲೇ ಫೇಲಾದವಳು ಫ್ಲೆಕ್ಸಿಗೆ ಹೇಗೆ ಏರುತ್ತಾಳೆ, ಇದನ್ನು ಯಾವ ರೀಸನಿಂಗಿನಲ್ಲಿ ಬಿಡಿಸಲಿ.

ಲತಾಳ ಎದುರಿಗೆ ಯಾರು, ಮೋಹನನೋ ಸಲೀಮನೋ, ಬರೆದುಕೋ ಮೊದಲು, ಕಚ್ಚಾ ಹಾಳೆಯ ಮೇಲೆ ವೃತ್ತ ಎಳೆ, ಎಳೆದೆ, ಹೋದ ವರ್ಷ ಫಲಿತಾಂಶ ಬಂದ ದಿನ ನನಗೆ ಕಾಲು ಅಂಕ ಕಡಿಮೆ ಬಿದ್ದಿತ್ತು, ಒಂದು ತಪ್ಪು ಉತ್ತರಕ್ಕೆ ಕಳೆಯುತ್ತಾರಲ್ಲ, ಅದೇ ಕಾಲು ಅಂಕ, ನಿಂದೆಷ್ಟ ಬಂತು ಕಸ್ತೂರಿ ಅಂದರೆ ಮೊಬೈಲನ್ನು ಬೋರಲು ಹಾಕಿ, ನನ್ನ ಸುದ್ದಿ ಬಿಡ ಅಕ್ಕಾ, ಹೇಳಾಕ ನಾಚ್ಕಿ ಬರ್ತೈತಿ ಅಂದಳು, ನಾನೂ ಬಿಟ್ಟೆ, ಗಾಯ ಕೆದಕಬಾರದೆಂದು, ನನ್ನ ಅಳು ನುಂಗಿಕೊಂಡು ಅವಳನ್ನು ಕರೆದುಕೊಂಡು ಹೋಗಿ ಗಿರಮಿಟ್ಟು ಮಿರ್ಚಿ ಭಜಿ ಕೊಡಿಸಿದೆ, ಎಂಥ ಮಳ್ಳಿ ನಾನು, ಪಾಸಾದವಳಿಗೆ ಸಮಾಧಾನದ ಭಜಿ ಕೊಡಿಸಿದವಳು ಇಡೀ ಧಾರವಾಡದಲ್ಲಿ ನಾನೊಬ್ಬಳೇ ಇರಬೇಕು, ಅವಳು ಮೂರು ತಿಂದಳು, ಅಳುತ್ತಲೇ ತಿಂದಳು, ಖಾರಕ್ಕೆ ಅತ್ತಳೋ ಏನೋ. ಹದಿನೈದು ನಿಮಿಷ ಹನ್ನೆರಡು ಸೆಕೆಂಡು, ಪಕ್ಕದ ಹುಡುಗಿ ಮೌಸು ಟಕಟಕ ಒತ್ತುತ್ತಿದ್ದಾಳೆ, ಅವಳು ಎಷ್ಟು ಪ್ರಶ್ನೆ ಮುಗಿಸಿದಳೋ, ನನ್ನದು ಇನ್ನೂ ಒಂದೂ ಇಲ್ಲ, ಈ ಸಲ ಕೆಟ್ಟರೆ ಮುಂದಿನ ಸಲ ಎಂಬುದಿಲ್ಲ, ಬರುವ ತಿಂಗಳಿಗೆ ವಯಸ್ಸಿನ ಮಿತಿ ಮುಗಿಯುತ್ತದೆ, ಕ್ಲಾರ್ಕ್ ಪರೀಕ್ಷೆಗಂತೂ ಆಗಲೇ ಮುಗಿದಿದೆ, ಕ್ಲಾರ್ಕ್ — ಅದನ್ನು ಈಗ ನೆನೆಯಬಾರದು, ಸಲೀಮನ ಬಲಕ್ಕೆ ಎರಡನೆಯವನು, ನೆನೆಯಬಾರದು ಅಂದರೆ ಅದೇ ಬರುತ್ತದೆ.

ಹೋದ ವರ್ಷ ಕೈಗೆ ಬಂದಿದ್ದ ಕೆಲಸ, ಸಿಂಧನೂರು ಶಾಖೆ, ಕ್ಲಾರ್ಕ್, ಬುಧವಾರದೊಳಗೆ ಹಾಜರಾಗಬೇಕು, ಆದೇಶದ ಪತ್ರವನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದೆ, ರೋಣದಿಂದ ಅವ್ವ ಎರಡು ಹೊಸ ಕುಪ್ಪಸ ಹೊಲಿದು ಬಸ್ಸಿನವನ ಕೈಯಲ್ಲಿ ಕಳಿಸಿದ್ದಳು, ಊರವರದೆಲ್ಲ ಹೊಲದೀನಿ, ಬ್ಯಾಂಕಿನಾಕಿದು ಇದ ಮೊದಲು ನೋಡವಾ ಎಂದು ಫೋನಿನಲ್ಲಿ ನಕ್ಕಿದ್ದಳು, ಆ ಭಾನುವಾರ ಕಸ್ತೂರಿ ಬೆಳಕು ಹರಿಯುವ ಮೊದಲೇ ಎದ್ದು ಹೋದವಳು ಸಂಜೆ ಬಂದಳು, ಮುಖ ಬಾಡಿತ್ತು, ಎಡಗೈ ಹೆಬ್ಬೆರಳು ಕಡುನೀಲಿ, ಏನ ಇದು ಅಂದೆ, ಅಜ್ಜಿ ಪಿಂಚಣಿ ಅಕ್ಕಾ, ಬ್ಯಾಂಕಿನ್ಯಾಗ ಆಕಿ ಹೆಬ್ಬಟ್ಟ ಒತ್ತಸಾಕ ಹೋಗಿದ್ದೆ, ಮುದುಕಿ ಕೈ ನಡಗತೈತಿ, ಹಿಡದು ಒತ್ತಸೂದ್ರಾಗ ನನಗೂ ಬಳಕೊಂತು, ಭಾನುವಾರ, ಭಾನುವಾರ ಯಾವ ಬ್ಯಾಂಕು ಬಾಗಿಲು ತೆಗೆದಿತ್ತು ಕಸ್ತೂರಿ, ರೆಪೋ ದರ, ಬ್ಯಾಂಕಿನ ರಜೆ, ಎಲ್ಲ ಬಾಯಿಪಾಠ ಮಾಡಿದ ನನಗೆ ಭಾನುವಾರ ತಿಳಿಯಲಿಲ್ಲ, ಹನ್ನೊಂದು ಸಲ ಪರೀಕ್ಷೆಯ ಬಾಗಿಲಲ್ಲಿ ಇದೇ ಬೆರಳನ್ನು ಇದೇ ಶಾಯಿಗೆ ಒತ್ತಿದವಳಿಗೆ ಆ ನೀಲಿಯ ಗುರುತು ಸಿಗಲಿಲ್ಲ, ಅಂದು ಎರಡನೆಯ ಸುತ್ತಿನ ಪರೀಕ್ಷೆಯಿದೆ ಎಂದು ಗೊತ್ತಿತ್ತು, ಹೊಟ್ಟೆ ಉರಿದುಕೊಂಡು ಇಡೀ ದಿನ ಮುಸುಕು ಹಾಕಿ ಮಲಗಿದ್ದೆ, ಆ ಪರೀಕ್ಷೆಯಿಂದಲೇ ಬಂದವಳ ಕೈ ಹಿಡಿದುಕೊಂಡೂ ತಿಳಿಯಲಿಲ್ಲ, ಮೆಸ್ಸಿನ ಶಾಂತವ್ವನ ಹತ್ತಿರ ಅರ್ಧ ನಿಂಬೆಹಣ್ಣು ಕೇಳಿ ತಂದು ತಿಕ್ಕಿದೆ, ಮೆಲ್ಲಕ ಅಕ್ಕಾ, ಉರೀತೈತಿ.

ತಿಕ್ಕುವಾಗಲೇ ಅವಳು ಅಂದದ್ದು, ನೀ ಸಿಂಧನೂರಿಗೆ ಹ್ವಾದ್ರ ನಾ ಯಾರ ಜೋಡಿ ಓದ್ಲಿ, ನಿನ್ನಂಥಾಕಿ ಕ್ಲಾರ್ಕ್ ಆಗಿ ಅಲ್ಲೇ ಕೊಳೀತಿ ಏನು, ಕಾಲು ಅಂಕ ಅಕ್ಕಾ, ಬರೇ ಕಾಲು ಅಂಕ, ಬರೂ ವರ್ಷ ಇಬ್ರೂ ಕೂಡೇ ಆಫೀಸರ್ ಆಗೂಣು, ನೀ ಹ್ವಾದ್ರ ನಾನೂ ಗಂಟುಮೂಟೆ ಕಟ್ತೀನಿ, ನನ್ನ ಆಣಿ ಐತಿ, ಬುಧವಾರ ಬಂತು, ಗುರುವಾರವೂ ಬಂತು, ಆದೇಶ ದಿಂಬಿನ ಕೆಳಗೇ ಇತ್ತು, ಅವ್ವನಿಗೆ ಆಫೀಸರೇ ಆಗ್ತೀನಿ ಬಿಡಬೇ ಅಂದಾಗ ಫೋನಿನಾಚೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಆಮೇಲೆ ದಿನಾ ಸಂಜೆ, ಸುಮ್ನ ಆಟಕ್ಕ ನನ್ನ ಇಂಟರ್‌ವ್ಯೂ ತಗೋ ಅಕ್ಕಾ, ರೂಢಿ ಇರ್ಲಿ, ಮುಂದ ನಿನಗೂ ಬೇಕಾಗತೈತಿ, ನಾನು ಮಂಚದ ಮೇಲೆ ಅಧ್ಯಕ್ಷೆ, ಅವಳು ಟ್ರಂಕಿನ ಮೇಲೆ ಅಭ್ಯರ್ಥಿ, ಕೈ ಕಟ್ಟಬ್ಯಾಡ, ಕಣ್ಣಾಗ ಕಣ್ಣಿಟ್ಟು ಮಾತಾಡು, ಗೊತ್ತಿಲ್ಲದಿದ್ರ ಗೊತ್ತಿಲ್ಲ ಅನ್ನು, ಸುಳ್ಳು ಹೇಳಿದ್ರ ಕುಂತವರಿಗೆ ತಿಳೀತೈತಿ ಎಂದು ನಾನೇ ಕಲಿಸಿದೆ, ಕುಂತವಳು ನಾನು, ನನಗೆ ತಿಳಿಯಲಿಲ್ಲ, ನನಗೆ ಬೇಕಾಗಿದ್ದರಿಂದಲೇ ತಿಳಿಯಲಿಲ್ಲವೇನೋ, ಫೇಲಾದವರು ಇಬ್ಬರಿದ್ದರೆ ಎಷ್ಟು ಹಗುರ, ಫೆಬ್ರುವರಿಯಲ್ಲಿ ಅಜ್ಜಿಗೆ ಆರಾಮಿಲ್ಲ ಎಂದು ಹೋದವಳು ತಿರುಗಿ ಬರಲಿಲ್ಲ, ಫೋನು ಸ್ವಿಚ್ ಆಫ್, ಆ ಅಜ್ಜಿಗಾಗಿ ಶನಿವಾರ ಹನುಮಪ್ಪನ ಗುಡಿಗೆ ಬೇರೆ ಹೋಗಿದ್ದೆ. ಸಿಟ್ಟು ಬರುತ್ತದೆ, ಎದೆ ಬಿರಿಯುವ ಹಾಗೆ ಬರುತ್ತದೆ, ಪಾಸಾದೆ ಅಂದಿದ್ದರೆ ಒಂದು ದಿನ ಅತ್ತು ಸಿಂಧನೂರಿನ ಬಸ್ಸು ಹತ್ತುತ್ತಿದ್ದೆನಲ್ಲೇ.

ಎರಡು ನಿಮಿಷ ಐದು ಸೆಕೆಂಡು, ಎಲ್ಲಿ ಹೋದವು ನಿಮಿಷಗಳು, ಏಳು ಜನ ಕುಳಿತಿದ್ದಾರೆ, ಒಂದು ಕುರ್ಚಿ ಉಳಿದಿದೆ, ಒಂದೇ ಹೆಸರು ಉಳಿದಿದೆ, ಹಾಕು, ಹಾಕಿದರೆ ಈ ಐದು ಪ್ರಶ್ನೆ ಮುಗಿಯುತ್ತವೆ, ಬರೀ ಐದು, ಸಾಲದು, ಆದರೂ ಹಾಕು ಅನ್ನಪೂರ್ಣಾ, ಕಚ್ಚಾ ಹಾಳೆಯನ್ನು ಒತ್ತಿ ಹಿಡಿದ ಎಡಗೈ ತೆಗೆದರೆ ವೃತ್ತದ ನಟ್ಟನಡುವೆ ನೀಲಿ ಗುರುತು, ಗೆರೆ ಗೆರೆ, ಬಾಗಿಲಲ್ಲಿ ಒತ್ತಿಸಿಕೊಂಡದ್ದು, ಜೋರಾಗಿ ಒತ್ರಿ ಮೇಡಂ, ಸರಿಯಾಗಿ ಮೂಡಬೇಕು, ಏಳೂ ಜನ ಅದನ್ನೇ ನೋಡುತ್ತ ಕುಳಿತಿದ್ದಾರೆ, ದುಪಟ್ಟಾದ ಅಂಚಿಗೆ ಒರೆಸುತ್ತೇನೆ, ಹೋಗುವುದಿಲ್ಲ, ಮೂವತ್ತು ಸೆಕೆಂಡು, ನಿಂಬೆಹಣ್ಣು ತಿಕ್ಕಿದರೂ ಮೂರು ದಿನ ಇರುತ್ತದೆ, ಗೊತ್ತು, ಬುಧವಾರದವರೆಗೂ ಇತ್ತು, ಮೆಲ್ಲಕ ಅಕ್ಕಾ, ಒಂದು ಬೀಜ ಅವಳ ಅಂಗೈಗೆ ಅಂಟಿದೆ, ತೆಗೆಯುತ್ತೇನೆ, ಮತ್ತೆ ತಿಕ್ಕುತ್ತೇನೆ, ನನ್ನ ಎರಡೂ ಕೈಗಳ ನಡುವೆ ಆ ಹೆಬ್ಬೆರಳು, ನೀಲಿ, ತಿಕ್ಕುತ್ತೇನೆ, ನೀಲಿ ಹೆಬ್ಬೆರಳು