ಮೂರು ತೋಳು ಒಂದು ಕಡೆ

ಹೆಂಡತಿ ತೀರಿಕೊಂಡ ಮೇಲೆ ರಸಾಯನಶಾಸ್ತ್ರದ ಮೇಷ್ಟ್ರು ಹೆಚ್ಚು ರಜೆ ಹಾಕಲಿಲ್ಲ. ಮನೆಯಲ್ಲಿ ಕೂತರೆ ಗೋಡೆಗಳೇ ಮೈಮೇಲೆ ಬಂದಂತಾಗುತ್ತಿತ್ತು. ಪ್ರಯೋಗಶಾಲೆಯಲ್ಲಾದರೆ ಕೈಗೆ ಕೆಲಸವಿತ್ತು.

ಅದು ಇಬ್ಬರೂ ಸೇರಿ ಹಿಡಿದ ಕೆಲಸ. ಒಂದೇ ಬಿಂದುವಿನಿಂದ ನಾಲ್ಕು ತೋಳು ಚಾಚುವ ಪಾಲಿಮರ್; ಒಂದೊಂದು ತೋಳೂ ಅಣುಗಳ ಉದ್ದನೆಯ ಸರಪಳಿ. ಮೂರು ತೋಳು ಒಂದು ಜಾತಿ, ನಾಲ್ಕನೆಯದು ಬೇರೆ, ಆ ಮೂರೂ ಸೇರಿದಷ್ಟು ಉದ್ದ. ಎರಡಕ್ಕೂ ಎಣ್ಣೆ ಸೀಗೆಕಾಯಿ. ಆದರೆ ಬೆಸುಗೆ ಬಿದ್ದಿದೆಯಲ್ಲ, ಬಿಟ್ಟು ಓಡುವಂತಿಲ್ಲ. ಹಾಗಾಗಿ ಕಣ್ಣಿಗೆ ಕಾಣದಷ್ಟು ಸಣ್ಣ ಅಳತೆಯಲ್ಲಿ ತಾವೇ ಜಾಗ ಹಂಚಿಕೊಂಡು ಒಂದು ಚಿತ್ತಾರ ಕಟ್ಟಿಕೊಳ್ಳುತ್ತವೆ. ಸರಪಳಿ ಬೆಳೆಸುವುದು ಇವರ ಪಾಲು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚಿತ್ತಾರ ನೋಡುವುದು ಆಕೆಯ ಪಾಲು.

ಎರಡೂ ಜಾತಿಯ ಪ್ರಮಾಣ ಸಮಸಮ ಇದ್ದರೆ ನೇರ ಸರಪಳಿಗಳು ಪಟ್ಟೆಪಟ್ಟೆಯಾಗಿ ನಿಲ್ಲುತ್ತವೆ. "ಕವಲೊಡೆದದ್ದು ಹಾಗೆ ನಿಲ್ಲಲ್ಲ ರೀ, ಮೂರು ತೋಳಿಗೆ ಜಾಗ ಸಾಲಬೇಡ್ವಾ?" ಎಂದು ಆಕೆ ವಾದಿಸಿದ್ದಳು. "ನೋಡೋಣ ಬಿಡು" ಎಂದು ಇವರು ನಕ್ಕಿದ್ದರು.

ಸರಪಳಿಗಳು ಬೆಳೆಯುವಾಗ ಗಾಜಿನ ಬುರುಡೆಯೊಳಗಿನ ದ್ರವ ಕೆಂಪಗಿರುತ್ತದೆ. ಒಂದಿಷ್ಟು ಗಾಳಿ ನುಸುಳಿದರೆ ಕೆಂಪು ಮಾಯ, ಕೆಲಸವೂ ನೀರುಪಾಲು. ಎಷ್ಟೋ ಬಾರಿ ಕೆಂಪು ಮೇಷ್ಟ್ರ ಕಣ್ಣೆದುರೇ ಬಿಳುಚಿತು. ಪಾತ್ರೆ ತೊಳೆದು, ಒಣಗಿಸಿ, ಮತ್ತೆ ಶುರು. ಕೊನೆಗೊಮ್ಮೆ ಬಣ್ಣ ನಿಂತಿತು.

ಸೂಕ್ಷ್ಮದರ್ಶಕದ ಕೋಣೆಯಲ್ಲಿ ಹೆಂಡತಿಯ ಜಾಗಕ್ಕೆ ಬಂದ ಹೊಸ ಹುಡುಗಿಯಿದ್ದಳು. ಪರದೆ ಮೇಲೆ ಪಟ್ಟೆಗಳಿರಲಿಲ್ಲ. ಜೇನುಗೂಡಿನ ಕಣ್ಣುಗಳಂತೆ ಅಚ್ಚುಕಟ್ಟಾದ ಚುಕ್ಕೆಗಳು, ಎಲ್ಲಿ ಸರಿಸಿದರೂ ಅವೇ.

"ನೋಡೇ, ನಿನ್ನ ಮಾತೇ ಗೆದ್ದಿತು!" ಎಂದುಬಿಟ್ಟರು ಮೇಷ್ಟ್ರು.

ಹುಡುಗಿ ತಿರುಗಿ ನೋಡಿದಳು. "ಏನ್ ಸಾರ್?"

"ಏನಿಲ್ಲಮ್ಮ. ಆ ಮೂಲೆ ಸ್ವಲ್ಪ ದೊಡ್ಡದು ಮಾಡು."

ಯಾರಿಗಾದರೂ ಹೇಳದಿದ್ದರೆ ಎದೆ ಒಡೆದೇಹೋಗುತ್ತದೆ ಅನ್ನಿಸಿತು. ಹೊರಗಿನ ಮೆಟ್ಟಿಲ ಮೇಲೆ ಕೂತು ಹೆಂಡತಿಯ ತಾಯಿಗೆ ಫೋನ್ ಮಾಡಿದರು. ಸಾವಿನ ಮನೆಯಲ್ಲಿ ಕಂಡದ್ದೇ ಕೊನೆ. ಆಮೇಲೆ ಮಾತಾಡುವ ಧೈರ್ಯ ಬಂದಿರಲಿಲ್ಲ. ಅತ್ತೆಗೆ ಕಿವಿ ಮಂದ.

"ಅತ್ತೆ, ನಿಮ್ಮ ಮಗಳು ಹೇಳಿದ್ದು ನಿಜ ಆಯ್ತು!"

"ಯಾರು?"

"ನಿಮ್ಮ ಮಗಳು! ಅವಳು ಹೇಳಿದ್ದೇ ಸರಿ!" ಓಡಾಡುವವರು ತಿರುಗಿ ನೋಡುವಷ್ಟು ಜೋರಾಗಿ ಕೂಗಿದರು.

"ಅವಳು ಯಾವತ್ತಪ್ಪ ತಪ್ಪು ಹೇಳಿದ್ಲು?" ಎಂದಿತು ಮುದಿ ದನಿ. "ಇಷ್ಟು ದಿನ ಎಲ್ಲಿ ಹೋಗಿದ್ದೆ ನೀನು?"

ಮೇಷ್ಟ್ರು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದರು. ಅತ್ತೆಯೂ ಫೋನ್ ಇಡಲಿಲ್ಲ.