ಪಿಕಪ್ ಏರಿಸಿದ ಗಾಡಿ

ಗಂಡ ಊರಿಗೆ ಬಂದದ್ದು ಶಿವಗಂಗಾಳಿಗೆ ಗೊತ್ತಾದದ್ದು ಸದ್ದಿನಿಂದ. ಅಂದೋಲಾದ ಆ ಓಣಿಯಲ್ಲಿ ಅಂಥ ಸದ್ದು ಯಾರೂ ಕೇಳಿರಲಿಲ್ಲ. ಕಟ್ಟೆಯ ಮೇಲೆ ಮಲಗಿದ್ದ ನಾಯಿ ಎದ್ದು ಓಡಿತು. ಸಿದ್ದರಾಮೇಶ ಮನೆಯ ಮುಂದೆ ಬೈಕು ನಿಲ್ಲಿಸಿ, ಇಳಿಯದೆ, ಎಕ್ಸಲೇಟರ್ ತಿರುವಿ ಮತ್ತೊಮ್ಮೆ ಅದನ್ನು ಅರಚಿಸಿದ. ಅವಳು ಎದ್ದು ಹೊರಗೆ ಬರುವಷ್ಟರಲ್ಲಿ ಒಳಗೆ ಹಂಚಿನ ಮೇಲಿದ್ದ ರೊಟ್ಟಿ ಕರಕಾಯಿತು. ಸಿಟ್ಟು ಅಲ್ಲಿಂದಲೇ ಶುರುವಾಯಿತು.

ಎದುರು ಮನೆಯ ಹಣಮವ್ವ ಬಾಗಿಲಿಗೆ ಬಂದು, "ಏನ್ ಬೇ ಶಿವಗಂಗಾ, ಮನ್ಯಾಗ ಗಿರಣಿ ಹಾಕಿಸಿದ್ರೇನ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಸಿದ್ದರಾಮೇಶನ ಮುಖ ಹಬ್ಬದ ದಿನದ ಹಾಗಿತ್ತು. ಜೇವರ್ಗಿಯಲ್ಲಿ ಗೆಳೆಯ ಖಮರನ ಗ್ಯಾರೇಜಿನಲ್ಲಿ ಕೂತು ಮಾಡಿಸಿದ ಕೆಲಸವನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದ. ಇಂಜಿನ್ ಬಿಚ್ಚಿ ಬ್ಲಾಕಿನೊಳಗಿನ ಹೊಗೆ ದಾರಿಯನ್ನು ಕೊರೆದು ಅಗಲ ಮಾಡಿದ್ದಾರೆ. ಹೆಡ್ಡಿನ ತಳ ಉಜ್ಜಿಸಿದ್ದಾರೆ. ದೊಡ್ಡ ಕಾರ್ಬೋರೇಟರ್ ಕೂಡಿಸಿದ್ದಾರೆ. ಹಳೆ ಸೈಲೆನ್ಸರ್ ತೆಗೆದು ಹೊಟ್ಟೆ ಉಬ್ಬಿದ ಹೊಸದೊಂದನ್ನು ಹಾಕಿದ್ದಾರೆ. ಈಗ ಹೈವೇದಾಗ ಯಾವ ಹೊಸ ಗಾಡಿಯೂ ಇದನ್ನು ಹಿಂದೆ ಹಾಕಲಾರದು ಎಂದ.

ಅದು ಅವರ ಮದುವೆಗಿಂತ ಹಳೆಯ ಟೂ-ಸ್ಟ್ರೋಕ್ ಗಾಡಿ. ಇವಳು ಖಡಕ್ ರೊಟ್ಟಿ ಬಡಿದು ಕೂಡಿಸಿದ ದುಡ್ಡಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಅದರ ಕೆಲಸ ಒಂದೇ, ರೊಟ್ಟಿ ಬುಟ್ಟಿಯನ್ನು ಜೇವರ್ಗಿಯ ಮಂಗಲ ಕಾರ್ಯಾಲಯಕ್ಕೆ ಮುಟ್ಟಿಸುವುದು. ನಾಳೆ ಅಲ್ಲಿ ಮದುವೆ.

"ನನಗೊಂದ್ ಮಾತ ಕೇಳಬೇಕಂತ ಅನಿಸಲಿಲ್ಲೇನ್ರಿ?" ಎಂದಳು.

ಅವನು ನಕ್ಕ. ಹೋದ ತಿಂಗಳು ಟೆಂಪೋ ಒಂದು ಹಿಂದೆ ಹಾಕಿ ಬುಟ್ಟಿಯ ಮೇಲೆಲ್ಲ ಧೂಳು ಎಬ್ಬಿಸಿ ಹೋದಾಗ, ಈ ಗಾಡಿಗಿಂತ ಎತ್ತು ಛಲೋ ಅಂದವಳು ಅವಳೇ ಅಲ್ಲವೇ ಎಂದ. ಅಂದದ್ದು ನಿಜ. ಅವಳು ಒಳಗೆ ಹೋದಳು. ಒಲೆಯ ಮುಂದೆ ಕೂತು ಹಿಟ್ಟು ನಾದುವಾಗ, ಇದನ್ನೆಲ್ಲ ನಾನೇ ಮಾಡಿಸಿದೆನೇನೋ ಎಂದು ಅಳುಕಿದಳು. ಮರುಗಳಿಗೆಗೆ, ಗಂಡಸರ ಗಾಡಿ ಹುಚ್ಚಿಗೆ ಹೆಂಗಸಿನ ಒಂದು ಚಾಷ್ಟಿ ಮಾತು ಕಾರಣವಾಗುತ್ತದೆಯೇ ಎಂದು ಮತ್ತೆ ಸಿಟ್ಟು ಏರಿತು. ಆ ಸಿಟ್ಟಿನಲ್ಲಿ ಬಡಿದ ರೊಟ್ಟಿಗಳು ಎಂದಿಗಿಂತ ತೆಳ್ಳಗಾದವು.

ಮಾರನೆಯ ಮುಂಜಾನೆ ರೊಟ್ಟಿಗಳನ್ನು ಬಿಳಿ ಧೋತರದಲ್ಲಿ ಸುತ್ತಿ, ಬುಟ್ಟಿಯಲ್ಲಿ ಅಲುಗದಂತೆ ಒತ್ತೊತ್ತಾಗಿ ಜೋಡಿಸಿ ಕ್ಯಾರಿಯರ್‌ಗೆ ಕಟ್ಟಿದರು. ಯಾವಾಗಲೂ ಅವನೊಬ್ಬನೇ ಹೋಗುತ್ತಿದ್ದ. ಅಂದು ಅವಳೂ ಹತ್ತಿದಳು.

ಖಮರ, ಸಿದ್ದರಾಮೇಶ ಇಬ್ಬರೂ ಗಾಡಿಯನ್ನು ನೋಡಿದ್ದು ಖಾಲಿ ಓಡಿಸಿ, ಡಾಂಬರು ರಸ್ತೆಯ ಮೇಲೆ. ಸಿದ್ದರಾಮೇಶ ಊರಿಗೆ ಬಂದದ್ದೂ ಖಾಲಿ ಗಾಡಿಯಲ್ಲೇ. ಊರಿನ ದಾರಿಯಲ್ಲಿ ತೆಗ್ಗುಗಳಿದ್ದವು, ಹಿಂದೆ ಭಾರವಿತ್ತು. ಮೆಲ್ಲಗೆ ಬಿಟ್ಟರೆ ಇಂಜಿನ್ ಉಸಿರುಗಟ್ಟಿದಂತೆ ಕೆಮ್ಮಿ ಸಾಯುತ್ತಿತ್ತು. ಎಕ್ಸಲೇಟರ್ ಕೊಟ್ಟರೆ ಒಂದು ಗಳಿಗೆ ಏನೂ ಇಲ್ಲ, ಆಮೇಲೆ ಯಾರೋ ಹಿಂದಿನಿಂದ ಒದ್ದಂತೆ ಒಮ್ಮೆಲೇ ಜಿಗಿಯುತ್ತಿತ್ತು. ಹಳೆ ಇಂಜಿನ್ ಎಷ್ಟು ಮೆಲ್ಲಗೆ ಹೋದರೂ ಭಾರ ಎಳೆಯುತ್ತಿತ್ತು. ಇದಕ್ಕೆ ಓಡುವುದು ಮಾತ್ರ ಗೊತ್ತಿತ್ತು. ಪ್ರತಿ ಜಿಗಿತಕ್ಕೂ ಶಿವಗಂಗಾಳ ಬೆನ್ನ ಹಿಂದೆ ಕಟಕ್ ಎಂದಿತು. ನಿಲ್ಲಿಸಿರಿ ಎಂದು ಕೂಗಿದಳು. ಆ ಸದ್ದಿನಲ್ಲಿ ಅವನಿಗೆ ಕೇಳಲಿಲ್ಲ.

ಕಾರ್ಯಾಲಯದ ಅಡುಗೆಯ ಹೊಣೆ ಗುರುಪಾದನದು. ಮಾತಿಗೆ ಮೊದಲು ರೊಟ್ಟಿ ಮುಟ್ಟಿ ನೋಡುವ ಮನುಷ್ಯ. ಧೋತರ ಬಿಚ್ಚಿ ಎರಡೂ ಕೈ ತುಂಬ ಚೂರುಗಳನ್ನು ಎತ್ತಿದ.

"ತಂಗಿ, ಬೀಗರ ಎಲಿಗೆ ಇದನ್ನ ಬಡಿಸ್ಲ್ಯಾ? ಹೆಣ್ಣಿನ ಮನ್ಯಾವ್ರು ಉಳಿದದ್ದು ಹಾಕಿದ್ರು ಅಂತಾರ. ಹಪ್ಪಳ ಅಂತ ಹೇಳ್ಲೇನ?"

ಸುತ್ತ ಇದ್ದ ಅಡುಗೆಯವರು ನಕ್ಕರು. ಅವನು ನಗಲಿಲ್ಲ. ಜೇವರ್ಗಿಯಲ್ಲೇ ಇದ್ದ ಇನ್ನೊಂದು ರೊಟ್ಟಿ ಕೇಂದ್ರಕ್ಕೆ ಆಳು ಕಳಿಸಿದ. ನಾಡಿದ್ದು ಮತ್ತೊಂದು ಮದುವೆ ಇದೆ, ಅಂದು ರೊಟ್ಟಿ ಇಡಿಯಾಗಿ ಬರದಿದ್ದರೆ ಈ ಹಂಗಾಮಿನ ಮದುವೆಗಳೆಲ್ಲ ಆ ಕೇಂದ್ರಕ್ಕೇ ಎಂದು ಹೇಳಿ ಒಳಗೆ ಹೋದ.

ಶಿವಗಂಗಾ ಅಲ್ಲಿಂದ ನೇರ ಗ್ಯಾರೇಜಿಗೆ ನಡೆದಳು. ಗಂಡ ಗಾಡಿ ತಳ್ಳಿಕೊಂಡು ಹಿಂದೆ ಬಂದ. ಇದನ್ನು ಮೊದಲಿದ್ದಂತೆ ಮಾಡಿಕೊಡು ಎಂದು ಅವಳು ಕೇಳಿದ್ದಕ್ಕೆ ಖಮರ ಕೈ ಒರೆಸಿಕೊಳ್ಳುತ್ತ, ಸೈಲೆನ್ಸರ್, ಕಾರ್ಬೋರೇಟರ್ ಇವತ್ತೇ ಬದಲಿಸಬಹುದು, ಕೊರೆದ ಬ್ಲಾಕ್ ಮಾತ್ರ ಮತ್ತೆ ಬೆಳೆಯುವುದಿಲ್ಲ ಎಂದ. ಕಂಪನಿ ಈ ಗಾಡಿ ಮಾಡುವುದನ್ನೇ ಬಿಟ್ಟು ಎಷ್ಟೋ ಕಾಲವಾಗಿದೆ, ಹಳೆ ಬ್ಲಾಕ್ ಎಲ್ಲಾದರೂ ಹುಡುಕಿ ತರಿಸಬೇಕು.

"ಭಾಭಿ, ಪವರ್ ಮಾತ್ರ ಹೆಚ್ಚಾಗೇದ ನೋಡ್ರಿ," ಎಂದು ಸೇರಿಸಿದ. ಸೇರಿಸಬಾರದಿತ್ತು.

"ಯಾರಿಗ ಹೆಚ್ಚಾಗೇದ ಖಮರಣ್ಣ? ನಿಮಗಿಬ್ಬರಿಗಿ ಒಂದಿನದ ಆಟ ಆತು. ನಾ ಒಲಿ ಮುಂದ ಕುಂತು ಮಾಡಿದ್ದು ಚೂರು ಆತು. ಬ್ಲಾಕ ಸಿಗೂ ತನಕ ನನ್ನ ರೊಟ್ಟಿ ನೀನ ಒಯ್ಯಬೇಕು. ನಿಮ್ಮಪ್ಪನ ಮೊಪೆಡ್ ಮ್ಯಾಲ."

ಖಮರ ನಗಲು ಹೋಗಿ ಅವಳ ಮುಖ ನೋಡಿ ಹೂಂ ಎಂದು ತಲೆಯಾಡಿಸಿದ. ಗಂಡ, ಈಗ ಗಾಡಿ ತನ್ನ ಕೈಗೆ ಪಳಗಿದೆ, ಇನ್ನೊಂದು ಸಲ ನೋಡೋಣ ಎಂದ. ಅವಳು ಕೀಲಿ ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿದಳು. ಗಾಡಿಯನ್ನು ಗ್ಯಾರೇಜಿನಲ್ಲೇ ಬಿಟ್ಟು ಬಸ್ಸಿನಲ್ಲಿ ಮನೆಗೆ ಹೋಗುವಾಗ ಅಷ್ಟು ಮಂದಿಯ ಮುಂದೆ ಹಾಗೆ ಮಾಡಬಾರದಿತ್ತೇನೋ ಎನಿಸಿತು. ಆದರೂ ಕೀಲಿ ಕೊಡಲಿಲ್ಲ.

ಎರಡನೆಯ ಮದುವೆಯ ದಿನ ಖಮರ ನಸುಕಿನಲ್ಲೇ ಮೊಪೆಡ್ ತಂದ. ಸಿದ್ದರಾಮೇಶ ಹಿಂದೆ ಕೂತು ಬುಟ್ಟಿಯನ್ನು ತೊಡೆಯ ಮೇಲೆ ಹಸುಗೂಸಿನಂತೆ ತಬ್ಬಿಕೊಂಡ. ತೆಗ್ಗು ಬಂದಲ್ಲಿ ಇಳಿದು ನಡೆಯಬೇಕೆಂದು ಅವಳು ತಾಕೀತು ಮಾಡಿದ್ದಳು. ಇಳಿದಿಳಿದು ನಡೆದನಂತೆ. ದನ ಹೊಡೆದುಕೊಂಡು ಹೊರಟವರೆಲ್ಲ ಇವರನ್ನು ಹಿಂದೆ ಹಾಕಿ, ಮಾತಾಡಿಸಿಯೇ ಹೋದರಂತೆ. ಬಸ್ಸಿನಲ್ಲಿ ಬಂದ ಶಿವಗಂಗಾ ಕಾರ್ಯಾಲಯದ ಬಾಗಿಲಲ್ಲಿ ಬಹಳ ಹೊತ್ತು ಕಾದಳು.

ಗುರುಪಾದ ಧೋತರ ಬಿಚ್ಚಿದ. ಮೇಲಿನದನ್ನು ನೋಡಿದ. ಕೈ ಕೆಳಗೆ ಇಳಿಸಿ ತಳದ್ದನ್ನು ಎಳೆದು ನೋಡಿದ. ಹುಣ್ಣಿಮೆ ಚಂದ್ರನಂತೆ ಇಡಿಯಾಗಿತ್ತು. ಅವನ ಮುಖ ಸಡಿಲಾಯಿತು. ಸಿದ್ದರಾಮೇಶನ ಹೆಗಲು ತಟ್ಟಿ, ಛಲೋ ತಂದಿ, ನಿನ್ನ ರೊಟ್ಟಿನೇ ಬೇಕು ನಮಗ, ಸೋಮವಾರ ದೊಡ್ಡ ಮದುವೆ ಅದ, ಒಪ್ಪಿಕೊತೀ ಏನು ಎಂದು ಕೇಳಿದ. ಸಿದ್ದರಾಮೇಶ ಬೆವರು ಒರೆಸಿಕೊಳ್ಳುತ್ತ, ಹೌದ್ರಿ, ಯಾಕಾಗವಲ್ದು ಎನ್ನಲು ಬಾಯಿ ತೆರೆದ.

ಶಿವಗಂಗಾಳಿಗೆ ಮತ್ತೆ ಸಿಟ್ಟು ಏರಿತು, ಇಬ್ಬರ ನಡುವೆ ಬಂದು ನಿಂತಳು. ಆದರೂ ದನಿ ಏರಿಸಲಿಲ್ಲ.

"ಕಾಕಾ, ಅವರು ಬುಟ್ಟಿ ಹೊತ್ತವರು. ರೊಟ್ಟಿ ಬಡಿಯಾಕಿ ನಾ ಇಲ್ಲೇ ನಿಂತೇನಿ. ನನ್ನ ಕೇಳ್ರಿ."

ಗುರುಪಾದ ಒಂದು ಗಳಿಗೆ ಗಂಡನನ್ನು, ಒಂದು ಗಳಿಗೆ ಹೆಂಡತಿಯನ್ನು ನೋಡಿದ. ಸಿದ್ದರಾಮೇಶ ತೆರೆದ ಬಾಯಿ ಮುಚ್ಚಿಕೊಂಡು ಬುಟ್ಟಿ ಎತ್ತಿದ. ಆಮೇಲೆ ಗುರುಪಾದ ಅವಳ ಕಡೆ ತಿರುಗಿ, ಸೋಮವಾರದ ಮಾತನ್ನು ಮೊದಲಿನಿಂದ ಮತ್ತೆ ಹೇಳತೊಡಗಿದ.